ಗೋಡೆಯಿಲ್ಲದ ಗಾಲ್ಫ್: ಆರನ್ ದ್ವೀಪದಲ್ಲಿ ಹನ್ನೆರಡು ಹೋಲ್



ಗಾಲ್ಫ್ ಎಂದ ಕೂಡಲೇ ನಮ್ಮವರ ಮುಖದಲ್ಲಿ ಒಂದು ಸಣ್ಣ ನಗು ಮೂಡುತ್ತದೆ. ಹಳೆಯ ಸಿನಿಮಾಗಳ ಶ್ರೀಮಂತ ಅಪ್ಪ, ಕೈಯಲ್ಲಿ ಕೋಲು, ಹಿಂದೆ ಚೀಲ ಹೊತ್ತ ಹುಡುಗ... ಇಷ್ಟೇ ನಮಗೆ ಗೊತ್ತಿರುವ ಗಾಲ್ಫ್. ಕ್ರಿಕೆಟ್, ಶಟಲ್, ಕೇರಂ ಬಿಟ್ಟರೆ ಉಳಿದದ್ದೆಲ್ಲ ದೊಡ್ಡವರ ಆಟ ಎಂದುಕೊಂಡು ಬೆಳೆದವರು ನಾವು. ಆದರೆ ಇಲ್ಲಿಗೆ ಬಂದ ಮೇಲೆ ಎತ್ತ ನೋಡಿದರೂ ಗಾಲ್ಫ್ ಕೋರ್ಸ್! ನೋಲ್ ಕಡೆ ಹೊರಟರೆ ಕಾಪ್ಟ್ ಹೀತ್, ಎಮ್ 42 ಹಿಡಿದು ಸ್ವಲ್ಪ ಉತ್ತರಕ್ಕೆ ಹೋದರೆ ಜಗತ್ಪ್ರಸಿದ್ಧ ಬೆಲ್‌ಫ್ರಿ. ಯೂರೋಪ್ ಮತ್ತು ಅಮೆರಿಕ ತಂಡಗಳ ನಡುವಿನ ರೈಡರ್ ಕಪ್ ಈ ಬೆಲ್‌ಫ್ರಿಯಲ್ಲಿ 1985, 1989, 1993 ಮತ್ತು 2002ರಲ್ಲಿ, ಅಂದರೆ ನಾಲ್ಕು ಸಲ ನಡೆದಿದೆ. ನಮ್ಮಲ್ಲಿ ಎಷ್ಟೋ ಜನ ದಿನವೂ ಅದರ ಪಕ್ಕದಲ್ಲೇ ಕೆಲಸಕ್ಕೆ ಹೋಗಿ ಬರುತ್ತೇವೆ, ಒಳಗೆ ಏನು ನಡೆಯುತ್ತದೆ ಎಂದು ಮಾತ್ರ ಗೊತ್ತಿಲ್ಲ.

ಆಫೀಸಿನ ಸಹೋದ್ಯೋಗಿಗಳ ಒತ್ತಾಯಕ್ಕೆ ನಾಲ್ಕೈದು ವರ್ಷಗಳ ಹಿಂದೆ ನಾನು ಈ ಆಟ ಕಲಿಯಲು ಶುರು ಮಾಡಿದೆ. ಕಳೆದ ವರ್ಷ ಮೇ ತಿಂಗಳ ಹಾಫ್ ಟರ್ಮ್ ರಜೆಯಲ್ಲಿ ನಮ್ಮ ಮೂರು ಕುಟುಂಬಗಳು ಸೇರಿ ಸ್ಕಾಟ್ಲೆಂಡ್‌ನ ಆರನ್ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ಸಮುದ್ರದಂಚಿನ ಒಂದು ಪುಟ್ಟ ಕೋರ್ಸ್‌ನಲ್ಲಿ ಆಡಿ ಬಂದ ಮೇಲೆ, ಈ ಆಟ ನಿಜವಾಗಿ ಯಾರದ್ದು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಗಾಲ್ಫ್ ಏನೆಂದು ಗೊತ್ತಿಲ್ಲದವರಿಗೂ ಅರ್ಥವಾಗಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ.

ಆಟದ ಅ ಆ ಇ ಈ

ಚಿನ್ನಿದಾಂಡು ಆಡಿದವರಿಗೆ ಗಾಲ್ಫ್ ಕಷ್ಟವೇನಲ್ಲ. ನಿಂತ ಜಾಗದಿಂದ ಚೆಂಡನ್ನು ಹೊಡೆದು, ದೂರದಲ್ಲಿರುವ ಒಂದು ಕುಳಿಗೆ ಬೀಳಿಸಬೇಕು. ಎಷ್ಟು ಕಡಿಮೆ ಏಟುಗಳಲ್ಲಿ ಬಿದ್ದರೆ ಅಷ್ಟು ಒಳ್ಳೆಯದು. ಕುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ ನಮ್ಮ ಮನೆಯ ಸಾರಿನ ಬಟ್ಟಲಿನಷ್ಟು. ಚೆಂಡಿನ ತೂಕ 46 ಗ್ರಾಂ ಮೀರುವಂತಿಲ್ಲ. ಹೊಡೆಯುವ ಜಾಗದಿಂದ ಕುಳಿಯವರೆಗಿನ ಇಡೀ ಓಟಕ್ಕೆ 'ಹೋಲ್' ಎಂದೇ ಹೆಸರು. ನುಣುಪಾಗಿ ಕತ್ತರಿಸಿದ ದಾರಿ ಫೇರ್‌ವೇ, ಕುಳಿಯ ಸುತ್ತಲಿನ ಮಖಮಲ್ಲಿನಂಥ ಹುಲ್ಲು ಗ್ರೀನ್, ಮರಳಿನ ಗುಂಡಿ ಬಂಕರ್, ಅಕ್ಕಪಕ್ಕದ ಎತ್ತರದ ಹುಲ್ಲು ರಫ್. ದೂರಕ್ಕೆ ಹೊಡೆಯಲು ಡ್ರೈವರ್, ಮಧ್ಯದ ದೂರಗಳಿಗೆ ಐರನ್‌ಗಳು, ಗ್ರೀನ್ ಮೇಲೆ ಮೆಲ್ಲಗೆ ತಳ್ಳಲು ಪಟರ್. ಒಟ್ಟು ಹದಿನಾಲ್ಕು ಕೋಲುಗಳವರೆಗೆ ಒಯ್ಯಬಹುದು. ನನ್ನ ಅನುಭವದಲ್ಲಿ ಹೊಸಬರಿಗೆ ಏಳು ಸಾಕು, ಉಳಿದದ್ದು ಭುಜಕ್ಕೆ ಭಾರ.

ನುರಿತ ಆಟಗಾರ ಒಂದು ಹೋಲ್ ಮುಗಿಸಲು ತೆಗೆದುಕೊಳ್ಳಬೇಕಾದ ಏಟುಗಳ ಸಂಖ್ಯೆಗೆ 'ಪಾರ್' ಎನ್ನುತ್ತಾರೆ. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಈ ಬೋಗಿ ಎಂಬ ಮಾತಿನ ಹಿಂದೆ ನಮ್ಮೂರಿನ ಪಕ್ಕದ ಕಥೆಯೊಂದಿದೆ. 1890ರಲ್ಲಿ ಕಾವೆಂಟ್ರಿ ಗಾಲ್ಫ್ ಕ್ಲಬ್‌ನ ಹ್ಯೂ ರಾಥರಹ್ಯಾಮ್ ಎಂಬಾತ ಪ್ರತಿ ಹೋಲ್‌ಗೂ ಇಷ್ಟು ಏಟು ಎಂದು ಮೊದಲೇ ನಿಗದಿ ಮಾಡಿದರೆ ಹೇಗೆ ಎಂದು ಸೂಚಿಸಿದ. ಆಗ ಇಂಗ್ಲೆಂಡ್‌ನಲ್ಲಿ 'ಬೋಗಿ ಮ್ಯಾನ್', ಅಂದರೆ ಗುಮ್ಮನ ಮೇಲಿನ ಹಾಡೊಂದು ಬಹಳ ಜನಪ್ರಿಯವಾಗಿತ್ತು. ಕಣ್ಣಿಗೆ ಕಾಣದ, ಆದರೆ ಎಂದೂ ತಪ್ಪು ಹೊಡೆಯದ ಆ ಎದುರಾಳಿಗೆ ಆಟಗಾರರು ಗುಮ್ಮನ ಹೆಸರನ್ನೇ ಇಟ್ಟರು. ಕಾಲಕ್ರಮೇಣ ಆ ಜಾಗಕ್ಕೆ 'ಪಾರ್' ಬಂದು, ಬೋಗಿ ಒಂದು ಏಟು ಕೆಳಗಿಳಿಯಿತು. ಅಂತೂ ಪ್ರಪಂಚದ ಗಾಲ್ಫ್ ಆಟಗಾರರನ್ನೆಲ್ಲ ಕಾಡುವ ಗುಮ್ಮನ ಮೂಲ ನಮ್ಮ ಪಕ್ಕದ ಕಾವೆಂಟ್ರಿ!

ಲೆಕ್ಕ ಇಡುವ ಇನ್ನೊಂದು ಕ್ರಮ ಸ್ಟೇಬಲ್‌ಫರ್ಡ್. ನಮ್ಮ ಬಳಗದ ಡಾಕ್ಟರ್ ಸದಸ್ಯರು ಗಮನಿಸಿ, ಇದನ್ನು ಕಂಡುಹಿಡಿದವರೂ ಡಾಕ್ಟರೇ. ಲಿವರ್‌ಪೂಲ್ ಎದುರಿನ ವಾಲಸಿಯಲ್ಲಿ ಆಡುತ್ತಿದ್ದ ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ಅವರ ಈ ಪದ್ಧತಿ ಅಲ್ಲಿ 1932ರಲ್ಲಿ ಸ್ಪರ್ಧೆಗೆ ಬಂತು. ಪಾರ್‌ಗೆ ಎರಡು ಅಂಕ, ಬೋಗಿಗೆ ಒಂದು, ಬರ್ಡಿಗೆ ಮೂರು. ಅದಕ್ಕಿಂತ ಹೆಚ್ಚು ಏಟಾದರೆ ಸೊನ್ನೆ. ಚೆಂಡನ್ನು ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆಯಬಹುದು. ಒಂದು ಹೋಲ್ ಕೆಟ್ಟರೆ ಇಡೀ ದಿನ ಕೆಡುವುದಿಲ್ಲ. ನಮ್ಮಂಥ ಹವ್ಯಾಸಿಗಳಿಗೆ ಇದೇ ವಾಸಿ.

ದ್ವೀಪಕ್ಕೆ ದಾರಿ

ಆರನ್ ಇರುವುದು ಸ್ಕಾಟ್ಲೆಂಡ್‌ನ ಪಶ್ಚಿಮದಲ್ಲಿ, ಕ್ಲೈಡ್ ಕೊಲ್ಲಿಯಲ್ಲಿ. ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಉತ್ತರಕ್ಕೆ ಕಡಿದಾದ ಬೆಟ್ಟಗಳು (ಎತ್ತರದ ಗೋಟ್ ಫೆಲ್ 874 ಮೀಟರ್), ದಕ್ಷಿಣಕ್ಕೆ ಹಸಿರು ಹೊಲಗಳು. ಅದಕ್ಕೇ ಇದನ್ನು 'ಪುಟ್ಟ ಸ್ಕಾಟ್ಲೆಂಡ್' ಎನ್ನುತ್ತಾರೆ. ಇಷ್ಟು ಸಣ್ಣ ದ್ವೀಪದಲ್ಲಿ ಏಳು ಗಾಲ್ಫ್ ಕೋರ್ಸ್‌ಗಳಿವೆ ಎಂದರೆ ನಂಬುತ್ತೀರಾ? ಬ್ರಾಡಿಕ್, ಲ್ಯಾಮ್ಲಾಶ್, ವೈಟಿಂಗ್ ಬೇ, ಕಾರಿ, ಲಾಕ್ರಾನ್ಜಾ, ಮಾಕ್ರಿ ಬೇ ಮತ್ತು ನಾವು ಆಡಿದ ಶಿಸ್ಕಿನ್. ನಮ್ಮ ಕಡೆ ಊರಿಗೊಂದು ಆಂಜನೇಯನ ಗುಡಿ ಇದ್ದ ಹಾಗೆ!

ಸೊಲಿಹಲ್‌ನಿಂದ ಎಮ್ 6, ಆಮೇಲೆ ಎಮ್ 74 ಹಿಡಿದು ಬಂದರು ಸೇರಲು ಸುಮಾರು 300 ಮೈಲಿ. ಬೆಳಗಿನ ಜಾವ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಕಾರುಗಳನ್ನೂ ಒಯ್ಯುವ ಹಡಗು ಆರ್ಡ್ರೋಸನ್‌ನಿಂದ ಬ್ರಾಡಿಕ್‌ಗೆ ಒಂದು ಗಂಟೆಯೊಳಗೆ ತಲುಪುತ್ತದೆ. ಅಲ್ಲಿಂದ ಸ್ವಲ್ಪ ದಕ್ಷಿಣದ ಟ್ರೂನ್ ಬಂದರಿನಿಂದ ಗ್ಲೆನ್ ಸ್ಯಾನಕ್ಸ್ ಎಂಬ ಹೊಸ ಹಡಗು 2025ರ ಜನವರಿಯಲ್ಲಿ ಓಡಾಟ ಶುರು ಮಾಡಿತು. ನಾವು ಹೋದದ್ದು ಅದರಲ್ಲಿ. ಮಕ್ಕಳು ಡೆಕ್ ಮೇಲೆ ಸಮುದ್ರ ಹಕ್ಕಿಗಳನ್ನು ಎಣಿಸುತ್ತಿದ್ದರೆ, ದೊಡ್ಡವರು ಗಾಳಿಗೆ ಹಾರುತ್ತಿದ್ದ ಟೊಪ್ಪಿಗೆಗಳನ್ನು ಹಿಡಿಯುತ್ತಿದ್ದರು.

ಬ್ರಾಡಿಕ್‌ನಿಂದ ಬೆಟ್ಟದ ಬೆನ್ನು ಹತ್ತಿ ಇಳಿಯುವ ರಸ್ತೆಗೆ ಸ್ಟ್ರಿಂಗ್ ರೋಡ್ ಎಂದು ಹೆಸರು. ಮೇಲಿನಿಂದ ನೋಡಿದರೆ ನಿಜಕ್ಕೂ ದಾರ ಎಳೆದಿಟ್ಟ ಹಾಗೇ ಇದೆ. ಅದು ಮುಗಿಯುವುದು ಪಶ್ಚಿಮ ತೀರದ ಬ್ಲ್ಯಾಕ್‌ವಾಟರ್‌ಫುಟ್ ಎಂಬ ಹಳ್ಳಿಯಲ್ಲಿ. ಹಳ್ಳಿಯಾಚೆ ಮರಳ ದಂಡೆ, ದಂಡೆಯ ಪಕ್ಕ ಶಿಸ್ಕಿನ್ ಕೋರ್ಸ್, ಅದರ ತುದಿಗೆ ಡ್ರುಮಡೂನ್ ಎಂಬ ಬಂಡೆಯ ಕೋಟೆ. ಉದ್ದುದ್ದ ಕಲ್ಲಿನ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿರುವ ಆ ಬಂಡೆಯನ್ನು ಕಂಡಾಗ ನನಗೆ ಥಟ್ಟನೆ ನೆನಪಾದದ್ದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಎರಡರ ಹಿಂದಿನ ಭೌತಶಾಸ್ತ್ರವೂ ಒಂದೇ. ಕರಗಿದ ಶಿಲೆ ತಣ್ಣಗಾಗುತ್ತಾ ಕುಗ್ಗುವಾಗ, ಒಣಗಿದ ಕೆರೆಯ ಮಣ್ಣು ಬಿರುಕು ಬಿಡುವ ಹಾಗೆ, ಕಂಬಕಂಬವಾಗಿ ಸೀಳುತ್ತದೆ.

ಹನ್ನೆರಡೇ ಯಾಕೆ?

ಗಾಲ್ಫ್ ಎಂದರೆ ಹದಿನೆಂಟು ಹೋಲ್ ಎಂದು ಕೇಳಿರುತ್ತೀರಿ. ಶಿಸ್ಕಿನ್‌ನಲ್ಲಿ ಇರುವುದು ಹನ್ನೆರಡು. ಇದು ಕೊರತೆಯೇನಲ್ಲ. ಸೇಂಟ್ ಆಂಡ್ರ್ಯೂಸ್‌ನವರು 1764ರಲ್ಲಿ ತಮ್ಮ ಸುತ್ತನ್ನು 22ರಿಂದ 18ಕ್ಕೆ ಇಳಿಸಿದರು, ಮುಂದೆ ಉಳಿದವರು ಅದನ್ನೇ ಅನುಸರಿಸಿದರು, ಅಷ್ಟೇ. ಅದಕ್ಕೂ ಮೊದಲು ಜಾಗ ಇದ್ದಷ್ಟು ಹೋಲ್. 1860ರಲ್ಲಿ ಮೊಟ್ಟಮೊದಲ ಓಪನ್ ಚಾಂಪಿಯನ್‌ಶಿಪ್ ನಡೆದದ್ದು ಆರನ್‌ಗೆ ಎದುರು ದಡದಲ್ಲಿರುವ ಪ್ರೆಸ್ಟ್‌ವಿಕ್‌ನಲ್ಲಿ. ಅಲ್ಲಿದ್ದದ್ದೂ ಹನ್ನೆರಡೇ ಹೋಲ್. ಎಂಟು ಜನ ಆಟಗಾರರು ಒಂದೇ ದಿನ ಮೂರು ಸುತ್ತು ಹಾಕಿದರು, ವಿಲ್ಲಿ ಪಾರ್ಕ್ ಗೆದ್ದ.

ಶಿಸ್ಕಿನ್ ಶುರುವಾದದ್ದು 1896ರಲ್ಲಿ, ಒಂಬತ್ತು ಹೋಲ್‌ಗಳಿಂದ. ಅದನ್ನು ರೂಪಿಸಿದ ವಿಲ್ಲಿ ಫರ್ನಿ 1883ರ ಓಪನ್ ವಿಜೇತ, ಟ್ರೂನ್‌ನಲ್ಲಿ ಗಾಲ್ಫ್ ಕಲಿಸುತ್ತಿದ್ದವನು. ಮುಂದೆ ಕೋರ್ಸನ್ನು ಹದಿನೆಂಟಕ್ಕೆ ವಿಸ್ತರಿಸಿದರು. ಆದರೆ ಮೊದಲನೇ ಮಹಾಯುದ್ಧ ಬಂತು, ಬೆಟ್ಟದ ಮೇಲಿನ ಆರು ಹೋಲ್‌ಗಳನ್ನು ಕೈಬಿಟ್ಟರು. ಉಳಿದದ್ದು ಹನ್ನೆರಡು. ಒಟ್ಟು ಪಾರ್ 42. ಏಳು ಹೋಲ್‌ಗಳಿಗೆ ಮೂರು ಏಟು, ನಾಲ್ಕಕ್ಕೆ ನಾಲ್ಕು, ಒಂದಕ್ಕೆ ಐದು. ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮನೆಯಾಕೆಗೆ "ಈಗ ಬಂದೆ" ಎಂದು ಹೇಳಿ ಐದು ಗಂಟೆ ನಾಪತ್ತೆಯಾಗುವ ಹದಿನೆಂಟು ಹೋಲ್ ಆಟಕ್ಕಿಂತ ಸಂಸಾರಸ್ಥರಿಗೆ ಇದೇ ಕ್ಷೇಮ!

ಆಟ ಶುರು

ನಾವು ಮೂವರು ಆಟಗಾರರು: ಒಬ್ಬರು ಹಾಸನದವರು, ಒಬ್ಬರು ದಾವಣಗೆರೆಯವರು, ಮತ್ತು ನಾನು. ಜೊತೆಗೆ ನಡೆಯಲು ಬಂದವರು ನಮ್ಮ ತಂದೆ. ಆರು ತಿಂಗಳ ವೀಸಾ ಮೇಲೆ ಬೆಂಗಳೂರಿನಿಂದ ಬಂದಿದ್ದರು. ಹೆಂಗಸರು ಮಕ್ಕಳು ಬ್ಲ್ಯಾಕ್‌ವಾಟರ್‌ಫುಟ್‌ನ ಮರಳಿನಲ್ಲಿ ಗೂಡು ಕಟ್ಟಲು ಹೋದರು.

ಮೊದಲೆರಡು ಹೋಲ್‌ಗಳು ಸಮುದ್ರದ ಪಕ್ಕಕ್ಕೇ ಸಾಗುತ್ತವೆ. ಎಡಕ್ಕೆ ಕಿಲ್ಬ್ರಾನನ್ ಎಂಬ ಕಿರಿದಾದ ಕಡಲು, ಅದರಾಚೆ ಉದ್ದಕ್ಕೆ ಮಲಗಿದ ಕಿಂಟೈರ್ ಪರ್ಯಾಯ ದ್ವೀಪ. ಮೂರನೆಯದು ಬಂದಾಗ ಹಾಸನದವರು "ಗ್ರೀನ್ ಎಲ್ಲಿ ಸ್ವಾಮಿ?" ಎಂದರು. ಕಣ್ಣೆದುರು ಇದ್ದದ್ದು ಗೋಡೆಯಂಥ ದಿಬ್ಬ ಮಾತ್ರ. ಈ ಹೋಲ್‌ನ ಹೆಸರು 'ಕ್ರೋಸ್ ನೆಸ್ಟ್', ಕಾಗೆಗೂಡು. ದೂರ ಬರೀ 128 ಗಜ, ಆದರೆ ಗ್ರೀನ್ ಇರುವುದು ದಿಬ್ಬದ ತಲೆಯ ಮೇಲೆ, ಕೆಳಗಿನಿಂದ ಕಾಣುವುದಿಲ್ಲ. ಮೇಲೆ ಆಡುತ್ತಿರುವವರು ಮುಗಿಸಿ ಬಾವುಟದ ಸನ್ನೆ ಕೊಟ್ಟ ಮೇಲೆ ಕೆಳಗಿನವರು ಹೊಡೆಯಬೇಕು. ಕಣ್ಣಿಗೆ ಕಾಣದವರ ಮಾತನ್ನು ನಂಬಿ ಹೊಡೆಯುವುದು, ಮುಂದೆ ಬರುವ ಅಪರಿಚಿತರಿಗಾಗಿ ನೆನಪಿಟ್ಟುಕೊಂಡು ಸನ್ನೆ ಕೊಡುವುದು, ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ದಿಬ್ಬ ಹತ್ತಿದರೆ ಒಂದು ಕ್ಷಣ ಆಟ ಮರೆತುಹೋಗುತ್ತದೆ. ಪಾದದಡಿಯಲ್ಲಿ ಕಡಲು, ಬೆನ್ನಿಗೆ ಡ್ರುಮಡೂನ್‌ನ ಕಲ್ಲುಕಂಬಗಳು, ದೂರದಲ್ಲಿ ಮಳೆಯ ಪರದೆಯೊಂದು ಕಿಂಟೈರ್ ಮೇಲೆ ನಿಧಾನವಾಗಿ ಸರಿಯುತ್ತಿರುವುದು. ಐದು ನಿಮಿಷದಲ್ಲಿ ಆ ಮಳೆ ನಮ್ಮ ಮೇಲೇ ಬಂತು, ಇನ್ನೈದು ನಿಮಿಷಕ್ಕೆ ಬಿಸಿಲು. ಆಗುಂಬೆ ಕಡೆಯವರಿಗೆ ಇದೇನೂ ಹೊಸದಲ್ಲ ಬಿಡಿ.

ಏಳನೆಯ ಹೋಲ್‌ನ ಹೆಸರು 'ಹಿಮಾಲಯಾಸ್', ನಡುವೆ ಅಡ್ಡ ನಿಂತ ಗುಡ್ಡದಿಂದಾಗಿ. ಎಂಟನೆಯದು 'ಹೇಡೀಸ್', ಅಂದರೆ ಯಮಲೋಕ. ಹತ್ತನೆಯದು 'ಪ್ಯಾರಡೈಸ್'. ಹಿಮಾಲಯ ಹತ್ತಿ, ಯಮಲೋಕ ದಾಟಿ, ಸ್ವರ್ಗಕ್ಕೆ... ಪಾಂಡವರ ಸ್ವರ್ಗಾರೋಹಣದ ದಾರಿಯೇ ಇದು ಎಂದು ದಾವಣಗೆರೆಯವರು ಘೋಷಿಸಿದರು. "ಹಾಗಾದರೆ ನಮ್ಮ ಹಿಂದೆ ಒಂದು ನಾಯಿ ಬರಬೇಕಲ್ಲ" ಎಂದು ಅಪ್ಪ ಕೇಳುತ್ತಿದ್ದ ಹಾಗೇ ನಿಜಕ್ಕೂ ಒಬ್ಬ ಹಳ್ಳಿಯಾಕೆ ನಾಯಿಯೊಂದಿಗೆ ಫೇರ್‌ವೇ ಅಂಚಿನಲ್ಲಿ ನಡೆದುಬಂದು, ನಾವು ಹೊಡೆಯುವವರೆಗೆ ನಿಂತು, ಕೈ ಬೀಸಿ ಮುಂದೆ ಹೋದರು.

ಗಾಳಿಯ ಲೆಕ್ಕ

ದ್ವೀಪದ ಕೋರ್ಸ್‌ನಲ್ಲಿ ನಿಜವಾದ ಎದುರಾಳಿ ಗಾಳಿ. ಇಂಜಿನಿಯರ್ ಆದ ತಪ್ಪಿಗೆ ಇದರ ಲೆಕ್ಕವನ್ನು ನಿಮಗೂ ಹೇಳಿಬಿಡುತ್ತೇನೆ. ಒಳ್ಳೆಯ ಹೊಡೆತದಲ್ಲಿ ಚೆಂಡು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿ ಇಲ್ಲದಾಗ 60ರ ವರ್ಗ 3600. ಸೆಕೆಂಡಿಗೆ 10 ಮೀಟರ್ ಎದುರು ಗಾಳಿ ಇದ್ದರೆ ಚೆಂಡಿನ ಪಾಲಿಗೆ ವೇಗ 70, ವರ್ಗ 4900. ಅಷ್ಟೇ ಗಾಳಿ ಹಿಂದಿನಿಂದ ಬಂದರೆ ವೇಗ 50, ವರ್ಗ 2500. ಅಂದರೆ ಎದುರು ಗಾಳಿ ಸೇರಿಸಿದ್ದು 1300, ಹಿಂಗಾಳಿ ಕಳೆದದ್ದು 1100. ಗಾಳಿ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು! ಜೊತೆಗೆ ಹಿಂದಕ್ಕೆ ತಿರುಗುತ್ತಾ ಹಾರುವ ಚೆಂಡನ್ನು ಎದುರು ಗಾಳಿ ಇನ್ನೂ ಮೇಲಕ್ಕೆತ್ತುತ್ತದೆ. ಗಾಳಿಪಟದ ಹಾಗೆ ಏರಿ ಅಲ್ಲೇ ಬೀಳುತ್ತದೆ. ಹಾಗಾಗಿ ಎದುರು ಗಾಳಿಗೆ ಜೋರಾಗಿ ಬೀಸುವುದು ಪ್ರಯೋಜನವಿಲ್ಲ. ದೊಡ್ಡ ಕೋಲು ಹಿಡಿದು, ಮೆತ್ತಗೆ, ತಗ್ಗಾಗಿ ಹೊಡೆಯಬೇಕು.

ಚೆಂಡಿನ ಮೇಲಿನ ಸಣ್ಣ ಗುಳಿಗಳೂ ಸುಮ್ಮನೆ ಅಲಂಕಾರಕ್ಕಲ್ಲ. 1848ರ ಸುಮಾರಿಗೆ ಮಲಯಾ ಕಡೆಯ ಮರದ ಹಾಲಿನಿಂದ ಮಾಡಿದ ಗಟ್ಟಾಪರ್ಚಾ ಚೆಂಡುಗಳು ಬಂದವು. ಹೊಸದಾಗಿ ನುಣುಪಾಗಿದ್ದಾಗ ಸರಿಯಾಗಿ ಹಾರದ ಚೆಂಡು, ಏಟು ತಿಂದು ಗಾಯವಾದ ಮೇಲೆ ಚೆನ್ನಾಗಿ ಹಾರುವುದನ್ನು ಜನ ಗಮನಿಸಿದರು. ಆಮೇಲೆ ಬೇಕೆಂದೇ ಗೀರು ಹಾಕತೊಡಗಿದರು. ಗುಳಿಗಳು ಚೆಂಡಿನ ಮೈಗೆ ತಾಗಿದ ಗಾಳಿಯ ಪದರವನ್ನು ಕದಡಿ ಹೆಚ್ಚು ಹೊತ್ತು ಅಂಟಿಸಿಟ್ಟುಕೊಳ್ಳುತ್ತವೆ, ಹಿಂದಿನ ಸುಳಿ ಕಿರಿದಾಗುತ್ತದೆ, ತಡೆ ಇಳಿಯುತ್ತದೆ. ಏಟು ತಿಂದವನೇ ದೂರ ಹೋಗುತ್ತಾನೆ ಎಂಬ ಮಾತು ಚೆಂಡಿಗೂ ಅನ್ವಯ.

ಅಪ್ಪನ ಎರಡು ಪ್ರಶ್ನೆಗಳು

ಒಂಬತ್ತನೆಯ ಹೋಲ್ ಉದ್ದವಾದದ್ದು. ನಡೆಯುತ್ತಾ ಅಪ್ಪ ಎರಡು ಪ್ರಶ್ನೆ ಕೇಳಿದರು. ಅವರು ಹುಟ್ಟಿದ್ದು ಶಿರಾ ಕಡೆಯ ಒಣಭೂಮಿಯ ಒಕ್ಕಲು ಮನೆಯಲ್ಲಿ. ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ. ಮೂವತ್ತು ವರ್ಷ ಅವರು ಬಸ್ಸಿನಲ್ಲಿ ಓಡಾಡಿದ್ದು ಹೈಗ್ರೌಂಡ್ಸ್‌ನ ಗಾಲ್ಫ್ ಮೈದಾನದ ಪಕ್ಕದಲ್ಲೇ.

ಮೊದಲ ಪ್ರಶ್ನೆ: "ಇಷ್ಟು ಹುಲ್ಲಿಗೆ ನೀರು ಎಲ್ಲಿಂದ? ಬೋರ್‌ವೆಲ್ ಇದೆಯಾ?" ಎರಡನೆಯದು: "ನಾನು ಆಡುತ್ತಿಲ್ಲವಲ್ಲ, ಯಾರನ್ನು ಕೇಳಿ ಒಳಗೆ ಬಂದೆ?"

ಮಗನಾಗಿ ಆಗ ಚುಟುಕಾಗಿ ಉತ್ತರಿಸಿದೆ: "ನೀರು ಮಳೆಯದು. ಯಾರನ್ನೂ ಕೇಳಬೇಕಿಲ್ಲ." ಆದರೆ ಊರಿಗೆ ಬಂದು ಓದುತ್ತಾ ಹೋದಂತೆ ಈ ಎರಡು ಪ್ರಶ್ನೆಗಳೂ ಒಂದೇ ಎಂದು ನನಗನ್ನಿಸಿತು.

ಗಾಲ್ಫ್ ಹುಟ್ಟಿದ ನೆಲಕ್ಕೆ 'ಲಿಂಕ್ಸ್' ಎನ್ನುತ್ತಾರೆ. ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವಿನ ಮರಳು ದಿಣ್ಣೆಗಳ ಪಟ್ಟಿ ಅದು. ಅಲ್ಲಿ ಬೆಳೆ ಬರುವುದಿಲ್ಲ. ಗಿಡ್ಡನೆಯ ಹುಲ್ಲು ತಾನಾಗಿ ಬೆಳೆಯುತ್ತದೆ, ಕುರಿ ಮೊಲಗಳು ಮೇಯ್ದು ಅದನ್ನು ಕತ್ತರಿಸಿದಂತೆ ಇಡುತ್ತವೆ, ಮಳೆ ನೀರುಣಿಸುತ್ತದೆ, ಮರಳು ಹೆಚ್ಚಿನ ನೀರನ್ನು ಇಂಗಿಸುತ್ತದೆ. ಗಾಳಿಗೆ ಹೆದರಿದ ಕುರಿಗಳು ಮಲಗಿ ಸವೆಸಿದ ಗುಂಡಿಗಳೇ ಮೊದಲ ಬಂಕರ್‌ಗಳು ಎಂದೂ ಹೇಳುತ್ತಾರೆ. ಅಂದರೆ ನಮ್ಮ ಹಳ್ಳಿಯ ಗೋಮಾಳವಿದ್ದ ಹಾಗೆ. ಯಾರಿಗೂ ಬೇಡದ ನೆಲ, ಆದ್ದರಿಂದ ಎಲ್ಲರ ನೆಲ. ಅಲ್ಲಿ ಕುರಿ ಕಾಯುವವನೂ ಆಡಿದ, ಪಾದ್ರಿಯೂ ಆಡಿದ. ಸಾಮಾನ್ಯರಿಗೆ ಈ ಹುಚ್ಚು ಎಷ್ಟಿತ್ತೆಂದರೆ, ಜನ ಬಿಲ್ಲುಗಾರಿಕೆ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆ ಎಂದು ಸ್ಕಾಟ್ಲೆಂಡ್‌ನ ಸಂಸತ್ತು 1457ರಲ್ಲಿ ಫುಟ್‌ಬಾಲ್ ಮತ್ತು ಗಾಲ್ಫ್ ಎರಡನ್ನೂ ನಿಷೇಧಿಸಿತ್ತು! ಸೇಂಟ್ ಆಂಡ್ರ್ಯೂಸ್‌ನ ಲಿಂಕ್ಸ್ ಮೇಲೆ ಊರಿನವರಿಗೆ ಗಾಲ್ಫ್ ಆಡುವ ಹಕ್ಕಿದೆ ಎಂದು 1552ರ ದಾಖಲೆಯೊಂದು ಹೇಳುತ್ತದೆ. ಇಂದಿಗೂ ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯ ಭಾನುವಾರಗಳಂದು ಆಟವಿಲ್ಲ. ಜಗತ್ತಿನ ಅತ್ಯಂತ ಹೆಸರಾಂತ ಕೋರ್ಸ್ ಮೇಲೆ ಊರ ಜನ ಮಕ್ಕಳು ನಾಯಿಗಳೊಂದಿಗೆ ಅಡ್ಡಾಡುತ್ತಾರೆ. 2003ರ ಸ್ಕಾಟ್ಲೆಂಡ್ ಭೂಸುಧಾರಣಾ ಕಾಯ್ದೆಯ ಪ್ರಕಾರ ಆಟಕ್ಕೆ ಅಡ್ಡಿಯಾಗದಂತೆ, ಗ್ರೀನ್ ಹಾಳುಮಾಡದಂತೆ ಕೋರ್ಸ್ ದಾಟಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಅಪ್ಪನ ಎರಡನೆಯ ಪ್ರಶ್ನೆಗೆ ಕಾನೂನಿನ ಉತ್ತರ ಇದು.

ಈಗ ಬೆಂಗಳೂರಿಗೆ ಬನ್ನಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನ ಪ್ರಸಿದ್ಧ ಸೇಂಟ್ ಆಂಡ್ರ್ಯೂಸ್ ಕ್ಲಬ್ಬಿಗಿಂತ ಹನ್ನೆರಡು ವರ್ಷ ಹಳೆಯದು, ಹೆಮ್ಮೆ ಪಡಬೇಕಾದ್ದೇ. ಆದರೆ ದಂಡಿನ ಬ್ರಿಟಿಷರು ಆಟವನ್ನು ತಂದರೇ ಹೊರತು ಅದರ ನೆಲವನ್ನೂ ಮಳೆಯನ್ನೂ ತರಲಾಗುತ್ತದೆಯೇ? ಇಲ್ಲಿ ಪುಕ್ಕಟೆಯಾಗಿದ್ದ ಮರಳು ದಿಣ್ಣೆಯ ಬದಲು ಅಲ್ಲಿ ಬೆಲೆಬಾಳುವ ಊರ ನೆಲ. ಇಲ್ಲಿ ಆಕಾಶ ಸುರಿಸುವ ನೀರಿನ ಬದಲು ಅಲ್ಲಿ ಬೇಸಿಗೆಯಿಡೀ ಹಾಯಿಸಬೇಕಾದ ನೀರು. ಕುರಿಯ ಬದಲು ಸಂಬಳದ ಮಾಲಿಗಳು. ಇಷ್ಟು ಖರ್ಚು ಮಾಡಿ ಬೆಳೆಸಿದ ಹುಲ್ಲಿಗೆ ಬೇಲಿ ಬೇಕು, ಬೇಲಿ ಗೋಡೆಯಾಗುತ್ತದೆ, ಗೋಡೆಗೆ ಗೇಟು, ಗೇಟಿಗೆ ಸದಸ್ಯತ್ವ. ಆಳುವವರ ದರ್ಪವಂತೂ ಇದ್ದೇ ಇತ್ತು. ಆದರೆ ಆ ದರ್ಪ ಹೋದ ಮೇಲೂ ಗೋಡೆ ಉಳಿದದ್ದು ಈ ಖರ್ಚಿನಿಂದ. ಇತ್ತೀಚೆಗೆ ಹಲವು ಕಡೆ ಸಂಸ್ಕರಿಸಿದ ಕೊಳಚೆ ನೀರನ್ನು ಬಳಸುತ್ತಿದ್ದಾರೆ, ಒಳ್ಳೆಯ ಹೆಜ್ಜೆ. ಆದರೂ ಒಣಭೂಮಿಯ ಒಕ್ಕಲಿಗನಿಗೆ ಹುಲ್ಲು ಕಂಡ ಕೂಡಲೇ ಬೋರ್‌ವೆಲ್ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಈ ನಾಡೆಲ್ಲ ಧರ್ಮರಾಯನ ರಾಜ್ಯ ಎಂದೇನೂ ನಾನು ಹೇಳುತ್ತಿಲ್ಲ. ಇಲ್ಲಿಯೂ ಗೋಡೆಗಳಿದ್ದವು, ಇವೆ. ಸೇಂಟ್ ಆಂಡ್ರ್ಯೂಸ್‌ನ ಪ್ರತಿಷ್ಠಿತ ರಾಯಲ್ ಅಂಡ್ ಏನ್ಶಂಟ್ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ. ಮ್ಯೂರ್‌ಫೀಲ್ಡ್‌ನವರು ಒಪ್ಪಿದ್ದು 2017ರಲ್ಲಿ, ಅದೂ ಹಿಂದಿನ ವರ್ಷ ಮತ ಸಾಲದೆ ಬಿದ್ದುಹೋದ ಮೇಲೆ. ಹುಲ್ಲಿಗೆ ಗೋಡೆಯಿಲ್ಲದಿದ್ದರೂ ಕ್ಲಬ್ ಮನೆಯ ಬಾಗಿಲಿಗೆ ಅಗುಳಿ ಇತ್ತು.

ಗೋಡೆ ಹಾರಿದವರು ನಮ್ಮವರಲ್ಲೂ ಇದ್ದಾರೆ. ಬೆಂಗಳೂರಿನ ಸಿ. ಮುನಿಯಪ್ಪ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಈ ಆಟಕ್ಕೆ ಬಂದವರು. 2009ರಲ್ಲಿ ದೊಡ್ಡ ದೊಡ್ಡ ಹೆಸರುಗಳನ್ನು ಹಿಂದಿಕ್ಕಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಐದನೇ ವಯಸ್ಸಿನಲ್ಲಿ ಕೋಲು ಹಿಡಿದವಳು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕೊನೆಯ ಹೋಲ್‌ವರೆಗೂ ಪದಕದ ಆಸೆ ಹುಟ್ಟಿಸಿ ನಾಲ್ಕನೇ ಸ್ಥಾನ ಪಡೆದಳು. ಆಕೆಯ ಚೀಲ ಹೊತ್ತದ್ದು ತಾಯಿ. ಆ ಶನಿವಾರ ಇಲ್ಲಿ ನಡುರಾತ್ರಿ ಎದ್ದು ಕೂತು ಗಾಲ್ಫ್ ನೋಡಿದ ಕನ್ನಡಿಗರು ನಾನೊಬ್ಬನೇ ಅಲ್ಲ ಎಂದು ನಂಬಿದ್ದೇನೆ.

ಹೋಗುವವರಿಗೆ ನಾಲ್ಕು ಮಾತು

ಮಕ್ಕಳನ್ನು ಕರೆದುಕೊಂಡು ಹೋಗಲು ಮೇಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಸಂಜೆ ಊಟ ಮುಗಿಸಿಯೂ ಒಂದು ಸುತ್ತು ಹಾಕಬಹುದು. ಹಡಗಿಗೆ ಕಾರಿನ ಜಾಗ ಮೊದಲೇ ಕಾಯ್ದಿರಿಸಿ. ಯಾವ ಬಂದರಿನಿಂದ ಹೊರಡುತ್ತದೆ ಎಂದು ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ, ಗಾಳಿ ಜೋರಾದರೆ ಹಡಗು ರದ್ದಾಗುವುದೂ ಉಂಟು. ಆಟದ ಸಮಯವನ್ನೂ ಮುಂಚೆಯೇ ಕೇಳಿಟ್ಟುಕೊಳ್ಳಿ. ಬಿಸಿಲಿದ್ದರೂ ಮಳೆ ಅಂಗಿ ಚೀಲದಲ್ಲಿರಲಿ. ಚೆಂಡುಗಳನ್ನು ಹೆಚ್ಚಾಗಿಯೇ ಒಯ್ಯಿರಿ, ಜರೀಗಿಡಗಳ ಪೊದೆಗೆ ಹೋದದ್ದು ಹೆಚ್ಚಾಗಿ ಅಲ್ಲಿಗೇ ಅರ್ಪಣೆ. ಹುಡುಕಲು ನಿಯಮದ ಪ್ರಕಾರ ಮೂರೇ ನಿಮಿಷ.

ಆಡದವರಿಗೆ ಡ್ರುಮಡೂನ್ ಪಕ್ಕದಿಂದ ಉತ್ತರಕ್ಕೆ ತೀರದ ದಾರಿಯಲ್ಲಿ ನಡೆದರೆ 'ಕಿಂಗ್ಸ್ ಕೇವ್' ಎಂಬ ಗುಹೆ ಸಿಗುತ್ತದೆ. ಸೋತು ಅಡಗಿದ್ದ ರಾಬರ್ಟ್ ಬ್ರೂಸ್ ರಾಜ ಜೇಡವನ್ನು ನೋಡಿ ಧೈರ್ಯ ತಂದುಕೊಂಡ ಎಂಬ ಕಥೆಯನ್ನು ಈ ಗುಹೆಗೂ ಜೋಡಿಸುತ್ತಾರೆ. ನಾವು ಶಾಲೆಯಲ್ಲಿ ಓದಿದ್ದ ಅದೇ ಕಥೆ! ಮಾಕ್ರಿ ಬಯಲಿನಲ್ಲಿ ಸಾವಿರಾರು ವರ್ಷ ಹಳೆಯ ನಿಲುಗಲ್ಲುಗಳಿವೆ, ಅವನ್ನೂ ನೋಡಿ ಬನ್ನಿ.

ಮೊದಲ ಸಲ ಆಡುವವರು ನೇರ ದ್ವೀಪಕ್ಕೆ ಹೋಗಬೇಡಿ. ನಮ್ಮ ಸುತ್ತಮುತ್ತ ಸದಸ್ಯತ್ವವಿಲ್ಲದೆ ದುಡ್ಡು ಕೊಟ್ಟು ಆಡಬಹುದಾದ ಕೋರ್ಸ್‌ಗಳೂ ಅಭ್ಯಾಸದ ಡ್ರೈವಿಂಗ್ ರೇಂಜ್‌ಗಳೂ ಇವೆ. ಅಲ್ಲಿ ಒಂದು ಬುಟ್ಟಿ ಚೆಂಡು ಹೊಡೆದು ನೋಡಿ. ಕೋಲುಗಳನ್ನು ಬಾಡಿಗೆಗೆ ತೆಗೆದುಕೊಳ್ಳಿ, ಕೊಳ್ಳುವ ಆತುರ ಬೇಡ.

ಕೊನೆಗೊಂದು ಮಾತು. ಸ್ಕಾಟ್ಲೆಂಡ್‌ನ ಅನೇಕ ಸಣ್ಣ ಕೋರ್ಸ್‌ಗಳಲ್ಲಿ ಟಿಕೆಟ್ ಕೊಡುವವರೇ ಇರುವುದಿಲ್ಲ. ಗೋಡೆಗೆ ಒಂದು ಡಬ್ಬಿ ಹೊಡೆದಿರುತ್ತಾರೆ, ಆಡುವವರು ತಾವಾಗಿ ಹಣ ಹಾಕಿ ಹೋಗುತ್ತಾರೆ. ನಾವು ಆಡುವ ಆಟಕ್ಕೆ ಅಂಪೈರೂ ಇಲ್ಲ, ನಮ್ಮ ಏಟುಗಳನ್ನು ನಾವೇ ಎಣಿಸಬೇಕು. ಪೊದೆಯ ಹಿಂದೆ ಎಷ್ಟು ಹೊಡೆದಿರಿ ಎಂಬುದು ನಿಮಗೂ ದೇವರಿಗೂ ಮಾತ್ರ ಗೊತ್ತು. ಇಲ್ಲೇ ಹುಟ್ಟಿ ಬೆಳೆಯುತ್ತಿರುವ ನ

ಮ್ಮ ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಆಟ ನನಗೆ ಕಾಣಲಿಲ್ಲ. ಯಾರನ್ನು ಕೇಳಿ ಒಳಗೆ ಬಂದೆ ಎಂಬ ಅಳುಕು ಅಪ್ಪನ ತಲೆಮಾರಿಗೇ ಮುಗಿಯಲಿ, ಲೆಕ್ಕ ಸರಿಯಾಗಿ ಬರೆಯುವ ಅಭ್ಯಾಸ ಮಾತ್ರ ಮುಂದಿನ ತಲೆಮಾರಿಗೂ ಹೋಗಲಿ.

ಮುಂದಿನ ಬೇಸಿಗೆಗೆ ಬಳಗದ ಕುಟುಂಬಗಳು ಸೇರಿ ಒಂದು ದಿನದ ಆಟ ಇಟ್ಟುಕೊಳ್ಳೋಣ ಎಂಬ ಯೋಚನೆಯಿದೆ. ಆಸಕ್ತರು ಸಂಪಾದಕರಿಗೆ ತಿಳಿಸಿ. ಕೋಲು ಹಿಡಿಯದವರೂ ಬನ್ನಿ, ಚಿತ್ರಾನ್ನಕ್ಕೆ ಹ್ಯಾಂಡಿಕ್ಯಾಪ್ ಇಲ್ಲ!